ಮೂರಾಣೆಯ ಹರಿಶ್ಚಂದ್ರ

ದಾದಾಸಾಹೇಬ ಫಾಳ್ಕೆ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಅದೊಂದು ಪ್ರಶಸ್ತಿಯ ಹೆಸರು. 1969ರ ಸಾಲಿನ ಮೊದಲ ಪ್ರಶಸ್ತಿ ದೇವಿಕಾರಾಣಿಗೆ ಬಂತು. ಬೆಂಗಳೂರಿನ ಹೊರಗೆ ತಾತಗುಣಿ ತೋಟದಲ್ಲಿ ನೆಲೆಸಿದ ಅದೇ ದೇವಿಕಾರಾಣಿ. 1995ರ ಸಾಲಿನದು ನಮ್ಮ ರಾಜ್‌ಕುಮಾರರಿಗೆ, 2008ರ ಸಾಲಿನದು ಮೈಸೂರಿನ ವಿ. ಕೆ. ಮೂರ್ತಿಯವರಿಗೆ. ಗುರುದತ್ತರ ಚಿತ್ರಗಳಿಗೆ ಆ ಬೆಳಕು ನೆರಳು ಕೊಟ್ಟವರು ಮೂರ್ತಿ. ಹೀಗೆ ಪ್ರಶಸ್ತಿ ಪಡೆದವರೆಲ್ಲ ನಮಗೆ ಗೊತ್ತು. ಯಾರ ಹೆಸರಿನಲ್ಲಿ ಕೊಡುತ್ತಾರೋ ಅವರು ಮಾತ್ರ ಗೊತ್ತಿಲ್ಲ. ಭಾರತೀಯ ಚಿತ್ರರಂಗದ ಪಿತಾಮಹ ಅಂತ ಒಂದು ಸಾಲು ಬಾಯಿಪಾಠ ಇರುತ್ತದೆ, ಅಷ್ಟೆ. ಪಿತಾಮಹ ಅಂದಕೂಡಲೇ ಬಿಳಿ ಗಡ್ಡದ, ಹಾರ ಹಾಕಿದ ಒಂದು ಫೋಟೋ ಕಣ್ಣಮುಂದೆ ಬಂದು, ಮನುಷ್ಯ ಅದರ ಹಿಂದೆ ಮರೆಯಾಗಿಬಿಡುತ್ತಾನೆ.

ಆ ಮನುಷ್ಯ ಮುಂಬಯಿಯ ದಾದರಿನಲ್ಲಿ ಹೆಂಡತಿಯ ಒಡವೆ ಮಾರಿ ಕತೆ ಹೇಳಹೊರಟವರು. ಬಾಗಿಲಲ್ಲಿ ಟಿಕೇಟು ಹರಿಯದಿದ್ದರೆ ಮನೆಯಲ್ಲಿ ಒಲೆ ಹೊತ್ತದು ಎನ್ನುವ ಸ್ಥಿತಿ. ಅವರ ಬದುಕನ್ನು ಈ ಕಡೆಯಿಂದ, ಗಲ್ಲಾಪೆಟ್ಟಿಗೆಯ ಕಡೆಯಿಂದ, ನೋಡಿದರೆ ನಮಗೂ ಉಪಯೋಗವಿದೆ ಅಂತ ನನಗೆ ಅನಿಸುತ್ತದೆ. ನಾಟಕ ಆಡಿಸಬೇಕು, ಕತೆ ಬರೆಯಬೇಕು ಎನ್ನುವ ಹುಚ್ಚು ಇರುವವರೇ ತಾನೆ ಈ ಪುಟ ಓದುವುದು!

ಧುಂಡಿರಾಜ ಗೋವಿಂದ ಫಾಳ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕದ ಹತ್ತಿರ ತ್ರ್ಯಂಬಕೇಶ್ವರದಲ್ಲಿ. ತಂದೆ ಸಂಸ್ಕೃತ ಪಂಡಿತರು. ಮುಂಬಯಿಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಸಂಸಾರ ಇಲ್ಲಿಗೆ ಬಂತು. ಹುಡುಗ 1885ರಲ್ಲಿ ಜೆ. ಜೆ. ಕಲಾಶಾಲೆ ಸೇರಿದ. ಆಮೇಲೆ ಬರೋಡೆಯ ಕಲಾಭವನ. ಚಿತ್ರ ಬರೆಯುವುದು, ಅಚ್ಚು ತೆಗೆಯುವುದು, ವಾಸ್ತುಶಿಲ್ಪ, ಫೋಟೋಗ್ರಫಿ, ಯಾವುದು ಸಿಕ್ಕಿದರೆ ಅದು. ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟರು. ಪ್ಲೇಗು ಬಂದು ಹೆಂಡತಿಯನ್ನೂ ಮಗುವನ್ನೂ ಒಯ್ದಿತು. ಅಲ್ಲಿಂದ ಎದ್ದು ಬಂದರು. ನಡುವೆ ಜಾದೂ ಕಲಿತರು. ತಮ್ಮ ಹೆಸರನ್ನೇ ಹಿಂದುಮುಂದು ಮಾಡಿ ಪ್ರೊಫೆಸರ್ ಕೇಲ್ಫಾ ಅಂತ ಇಟ್ಟುಕೊಂಡು ಪ್ರಯೋಗ ಕೊಟ್ಟರು. 1903ರಲ್ಲಿ ಪುರಾತತ್ವ ಇಲಾಖೆಯಲ್ಲಿ ಸರ್ಕಾರಿ ನೌಕರಿ. ಸ್ವದೇಶಿ ಚಳವಳಿಯ ಬಿಸಿ ತಟ್ಟಿ ಅದನ್ನೂ ಬಿಟ್ಟರು. ಒಂದು ಕಡೆ ಕೂತು ಉಣ್ಣುವ ಜಾತಕ ಅಲ್ಲವೇ ಅಲ್ಲ.

ಇಷ್ಟನ್ನು ಬೇಗ ಹೇಳಿ ಮುಗಿಸಿದೆ. ಆದರೆ ಒಂದು ಕೆಲಸದ ಬಗ್ಗೆ ಸ್ವಲ್ಪ ನಿಲ್ಲಬೇಕು. ಲೋಣಾವಳದ ಹತ್ತಿರ ರಾಜಾ ರವಿವರ್ಮರ ಹೆಸರಿನ ಅಚ್ಚುಕೂಟ ಇತ್ತು. ಅಲ್ಲಿಯ ಚಿತ್ರಗಳಿಗೆ ಫಾಳ್ಕೆ ಬ್ಲಾಕು ಮಾಡಿಕೊಡುತ್ತಿದ್ದರು. ರವಿವರ್ಮರ ಲಕ್ಷ್ಮಿ, ಸರಸ್ವತಿ, ವಿಶ್ವಾಮಿತ್ರ ಮೇನಕೆ, ಹಂಸ ದಮಯಂತಿ ಇವೆಲ್ಲ ನಮ್ಮ ಅಜ್ಜಿಯಂದಿರ ಮನೆಯ ಗೋಡೆಗಳ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದ್ದವಲ್ಲ, ಅವು ಅಲ್ಲಿಂದ ಬಂದವೇ. ಜನ ಯಾಕೆ ಕೊಂಡರು? ಬಣ್ಣ ಚೆನ್ನಾಗಿತ್ತು, ನಿಜ. ಬಣ್ಣ ಚೆನ್ನಾಗಿರುವ ವಿಲಾಯಿತಿ ಚಿತ್ರಗಳೂ ಪೇಟೆಯಲ್ಲಿ ಇದ್ದವು. ರವಿವರ್ಮರ ದಮಯಂತಿಯ ಮುಂದೆ ನಿಂತವನಿಗೆ ಆ ಹಂಸ ಏನು ಹೇಳುತ್ತಿದೆ, ಮುಂದೆ ಆಕೆಗೆ ಏನೇನು ಕಾದಿದೆ ಎಲ್ಲ ಗೊತ್ತು. ಚಿತ್ರದಲ್ಲಿ ಇರುವುದು ಒಂದು ಗಳಿಗೆ ಮಾತ್ರ. ಹಿಂದಿನದು ಮುಂದಿನದು ನೋಡುವವನ ತಲೆಯಲ್ಲಿ. ಕತೆಯ ಯಾವ ಗಳಿಗೆಯನ್ನು ಹಿಡಿದರೆ ಇಡೀ ಕತೆ ಎದ್ದು ಬರುತ್ತದೆ ಎನ್ನುವುದನ್ನು ರವಿವರ್ಮ ಬಲ್ಲವರಾಗಿದ್ದರು. ಅದನ್ನು ಸಾವಿರ ಸಾವಿರ ಪ್ರತಿ ಅಚ್ಚು ಹೊಡೆಯುತ್ತ ಫಾಳ್ಕೆ ಕಲಿತಿರಬೇಕು ಎಂಬುದು ನನ್ನ ಊಹೆ. ಅವರ ಚಿತ್ರಗಳನ್ನು ನೋಡಿದರೆ ಊಹೆ ಸುಳ್ಳಲ್ಲ ಅನಿಸುತ್ತದೆ.

ಆಮೇಲೆ ಪಾಲುದಾರರನ್ನು ಕೂಡಿಕೊಂಡು ಸ್ವಂತ ಅಚ್ಚುಕೂಟ ಮಾಡಿದರು. 1909ರಲ್ಲಿ ಯಂತ್ರ ತರಲು ಜರ್ಮನಿಗೆ ಹೋಗಿಬಂದರು. ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಪಾಲುದಾರರ ಜೊತೆ ಜಗಳ. ಎದ್ದು ಹೊರಬಂದಾಗ ವಯಸ್ಸು ನಲವತ್ತು. ಎರಡನೆಯ ಮದುವೆಯಾಗಿತ್ತು, ಮನೆ ತುಂಬ ಮಕ್ಕಳು, ಕೈಯಲ್ಲಿ ಕೆಲಸವಿಲ್ಲ.

ಆ ಹೊತ್ತಿನಲ್ಲಿ, 1910-11ರ ಸುಮಾರಿಗೆ, ಗಿರಗಾಂವಿನ ಒಂದು ಡೇರೆಯಂಥ ಚಿತ್ರಮಂದಿರದಲ್ಲಿ ಯೇಸುಕ್ರಿಸ್ತನ ಜೀವನದ ಚಿತ್ರ ನೋಡಿದರು. ಪರದೆಯ ಮೇಲೆ ಯೇಸು ನಡೆಯುತ್ತಿದ್ದರೆ ಇವರ ಕಣ್ಣಿಗೆ ಕೃಷ್ಣ, ರಾಮ, ಗೋಕುಲ, ಅಯೋಧ್ಯೆ ಕಾಣತೊಡಗಿದವು ಅಂತ ಆಮೇಲೆ ‘ನವಯುಗ’ ಎಂಬ ಮರಾಠಿ ಪತ್ರಿಕೆಯ ಲೇಖನದಲ್ಲಿ ತಾವೇ ಹೇಳಿಕೊಂಡಿದ್ದಾರೆ. ಮರುದಿನ ಹೆಂಡತಿ ಸರಸ್ವತೀಬಾಯಿಯವರನ್ನೂ ಕರೆದುಕೊಂಡು ಹೋದರಂತೆ. ಆಮೇಲೆ ಊರಲ್ಲಿ ಬಂದ ಪ್ರತಿ ಚಿತ್ರವನ್ನೂ ನೋಡುವುದು, ಮನೆಗೆ ಬಂದು ಆಟಿಕೆಯಂಥ ಯಂತ್ರದಲ್ಲಿ ಫಿಲಂ ತುಂಡುಗಳನ್ನು ತಿರುಗಿಸಿ ನೋಡುವುದು. ತಿಂಗಳುಗಟ್ಟಲೆ ನಿದ್ದೆಗೆಟ್ಟು ಕಣ್ಣು ಮಸುಕಾಗಿ, ಸ್ವಲ್ಪ ಕಾಲ ಏನೂ ಕಾಣದ ಹಾಗಾಯಿತು. ವೈದ್ಯರೊಬ್ಬರ ಚಿಕಿತ್ಸೆಯಿಂದ ಮರಳಿ ದೃಷ್ಟಿ ಬಂತು. ಬಂದ ದೃಷ್ಟಿಯನ್ನು ಮತ್ತೆ ಅದಕ್ಕೇ ಹಚ್ಚಿದರು.

ಸಿನಿಮಾ ತೆಗೆಯುವುದಕ್ಕೆ ಸಾಲ ಯಾರು ಕೊಡುತ್ತಾರೆ? ಇಲ್ಲಿ ಒಂದು ಪ್ರಸಂಗ ಇದೆ, ನನಗೆ ಬಹಳ ಇಷ್ಟವಾದದ್ದು. ಫಾಳ್ಕೆ ಒಂದು ಕುಂಡದಲ್ಲಿ ಬಟಾಣಿ ಕಾಳು ನೆಟ್ಟು, ಅದರ ಮುಂದೆ ಕ್ಯಾಮೆರಾ ಇಟ್ಟು, ದಿನಕ್ಕೆ ಇಷ್ಟು ಅಂತ ಚೌಕಟ್ಟು ಚೌಕಟ್ಟಾಗಿ ತೆಗೆದರು. ಅದನ್ನು ಒಮ್ಮೆಗೇ ಓಡಿಸಿದರೆ ಕಾಳು ಮಣ್ಣು ಸೀಳಿ, ಮೊಳಕೆ ಎದ್ದು, ಬಳ್ಳಿ ಕೈಚಾಚಿ ಹಬ್ಬಿ ನಿಲ್ಲುತ್ತದೆ. ಒಂದೆರಡು ನಿಮಿಷದ ಮಾತು. ಇದನ್ನು ನೋಡಿದ ಮೇಲೆ ಹಣವಂತರೊಬ್ಬರು ಒಪ್ಪಿದರು. ಜೀವವಿಮೆಯ ಪಾಲಿಸಿಗಳನ್ನು ಅಡವಿಟ್ಟು ಸಾಲ ಸಿಕ್ಕಿತು. ಅವರು ರೈಲು ಬರುವುದನ್ನೋ, ಚೌಪಾಟಿಯಲ್ಲಿ ಜನ ಓಡಾಡುವುದನ್ನೋ ತೆಗೆದು ತೋರಿಸಬಹುದಿತ್ತು. ಅಂಥವು ಆಗಲೇ ಬೇಕಾದಷ್ಟು ಬಂದಿದ್ದವು. ಇವರು ಕಾಳನ್ನು ಆರಿಸಿಕೊಂಡರು. ಕಾಳಿಗೆ ಒಂದು ಆರಂಭ ಇದೆ, ಏನಾಗುತ್ತದೋ ಎನ್ನುವ ನಡು ಇದೆ, ಆಯಿತಪ್ಪ ಎನ್ನುವ ಕೊನೆ ಇದೆ. ಸಾಹುಕಾರ ಸಾಲ ಕೊಟ್ಟದ್ದು ಯಂತ್ರ ನೋಡಿ ಅಲ್ಲ, ಕಾಳು ಏನಾಯಿತು ಅಂತ ಕಣ್ಣು ಕೀಳದೆ ಕೂತಿದ್ದಕ್ಕೆ ಅಂತ ನಾನು ಹೇಳುತ್ತೇನೆ.

1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೋದರು. ಗುರುತು ಪರಿಚಯ ಯಾರದ್ದೂ ಇಲ್ಲ. ‘ಬಯೊಸ್ಕೋಪ್’ ಎಂಬ ವಾರಪತ್ರಿಕೆಗೆ ಇಲ್ಲಿಂದಲೇ ಚಂದಾದಾರರಾಗಿದ್ದರು. ಸೀದಾ ಅದರ ಆಫೀಸಿಗೆ ಹೋಗಿ ಸಂಪಾದಕ ಕೇಬರ್ನ್ ಅವರ ಮುಂದೆ ನಿಂತರು. ಭಾರತದಲ್ಲಿ ಇದೆಲ್ಲ ನಡೆಯುವುದು ಕಷ್ಟ ಅಂತ ಆ ಪುಣ್ಯಾತ್ಮ ಮೊದಲು ಬುದ್ಧಿ ಹೇಳಿದರೂ, ಕೊನೆಗೆ ಸಿಸಿಲ್ ಹೆಪ್‌ವರ್ತ್ ಎಂಬ ನಿರ್ಮಾಪಕರ ವಾಲ್ಟನ್ ಸ್ಟುಡಿಯೋಗೆ ಕರೆದೊಯ್ದು ಪರಿಚಯ ಮಾಡಿಸಿದರು. ಅಲ್ಲಿ ಒಂದಷ್ಟು ದಿನ ಕಣ್ಣಿಟ್ಟು ನೋಡಿ ಕಲಿತು, ವಿಲಿಯಮ್ಸನ್ ಕ್ಯಾಮೆರಾ, ಫಿಲಮಿಗೆ ತೂತು ಹೊಡೆಯುವ ಯಂತ್ರ, ಪ್ರಿಂಟು ಮಾಡುವ ಯಂತ್ರಗಳನ್ನು ಕೊಂಡು ಏಪ್ರಿಲ್‌ನಲ್ಲಿ ವಾಪಸ್ಸು ಬಂದರು.

ದಾದರಿನ ಮನೆಯೇ ಸ್ಟುಡಿಯೋ. ಸರಸ್ವತೀಬಾಯಿಯವರ ಒಡವೆ ಹೋಯಿತು. ಒಡವೆ ಕೊಟ್ಟು ಆಕೆ ಸುಮ್ಮನೆ ಕೂರಲಿಲ್ಲ. ರಾತ್ರಿ ಕತ್ತಲೆಕೋಣೆಯಲ್ಲಿ ಫಿಲಮಿಗೆ ತೂತು ಹೊಡೆದರು, ರಾಸಾಯನಿಕ ಕಲಸಿದರು, ಹಗಲು ಬಿಸಿಲನ್ನು ನಟರ ಮುಖಕ್ಕೆ ತಿರುಗಿಸಲು ಬಿಳಿ ಬಟ್ಟೆ ಹಿಡಿದು ನಿಂತರು. ಜೊತೆಗೆ ಕಂಪನಿಯ ಅಷ್ಟೂ ಜನಕ್ಕೆ ಅಡುಗೆ. ಚಿತ್ರದ ಜೊತೆ ಆಕೆಯ ಹೆಸರನ್ನು ಎಷ್ಟು ಜನ ಹೇಳುತ್ತಾರೆ ಹೇಳಿ?

ಈಗ ಯಾವ ಕತೆ? ಫಾಳ್ಕೆಯವರ ಮನಸ್ಸು ಕೃಷ್ಣನ ಮೇಲೆ ಇತ್ತು. ಆದರೆ ಕೃಷ್ಣ ಎಂದರೆ ಗೋಕುಲ ಕಟ್ಟಬೇಕು, ಕಾಳಿಂಗ ಬರಬೇಕು, ಖರ್ಚು ತಡೆಯದು. ಹರಿಶ್ಚಂದ್ರ ಸಾಕು ಅಂತ ತೀರ್ಮಾನ ಮಾಡಿದರು. ಇದು ಬಡತನದ ತೀರ್ಮಾನವೂ ಹೌದು, ಕಸುಬಿನ ತೀರ್ಮಾನವೂ ಹೌದು. ಹರಿಶ್ಚಂದ್ರನ ಕತೆಯ ಬಲ ಎಲ್ಲಿದೆ ಎನ್ನುವುದು ನಮಗೆ, ರಾಘವಾಂಕನನ್ನು ಓದಿದವರಿಗೆ, ಬಿಡಿಸಿ ಹೇಳಬೇಕಾಗಿಲ್ಲ. (ನಮ್ಮ ಚಂದ್ರಮತಿ ಮರಾಠಿಯಲ್ಲಿ ತಾರಾಮತಿ, ನಮ್ಮ ಲೋಹಿತಾಶ್ವ ಅಲ್ಲಿ ರೋಹಿದಾಸ.) ಅರಮನೆ ಬೇಕಾಗಿರುವುದು ಮೊದಲ ಸ್ವಲ್ಪ ಹೊತ್ತು. ಆಮೇಲೆ ರಾಜ್ಯ ಹೋಗುತ್ತದೆ, ಹೆಂಡತಿ ಮಗ ಹೋಗುತ್ತಾರೆ, ತಾನೇ ಮಾರಿಹೋಗುತ್ತಾನೆ, ಕೊನೆಗೆ ಮಗನ ಹೆಣ ಸುಡಲು ಬಂದ ಹೆಂಡತಿಯ ಹತ್ತಿರವೇ ಸುಂಕ ಕೇಳಬೇಕಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕತೆ. ಒಂದೊಂದು ಮೆಟ್ಟಿಲಿಗೂ, ಇಲ್ಲಿಗೆ ಸಾಕಪ್ಪ, ಇನ್ನು ಸುಳ್ಳು ಹೇಳಿಬಿಡು ಅಂತ ನೋಡುವವನೇ ಒಳಗೊಳಗೆ ಬೇಡಿಕೊಳ್ಳುತ್ತಾನೆ. ಅವನು ಹೇಳುವುದಿಲ್ಲ. ಮಾತಿಲ್ಲದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಕತೆ ಸಿಗದು. ಪರದೆಯ ಮೇಲೆ ಎರಡು ಸಾಲು ಹಿಂದಿ, ಇಂಗ್ಲಿಷಿನಲ್ಲಿ ಹಾಕಿದರೆ ಸಾಕು, ಅಕ್ಷರ ಬಾರದವನಿಗೂ ತಿಳಿಯುತ್ತದೆ.

ನಟರನ್ನು ಹುಡುಕಿದ ಕತೆ ಎಲ್ಲರೂ ಹೇಳುವಂಥದು. ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳು ಸಿಗಲಿಲ್ಲ, ಕುಣಿಯುವ ವೃತ್ತಿಯವರೂ ಒಲ್ಲೆ ಎಂದರು. ಗಂಡಸರು ಹೆಣ್ಣುವೇಷಕ್ಕೆ ಬಂದರೂ ಮೀಸೆ ಬೋಳಿಸಲು ತಯಾರಿಲ್ಲ. ಅಪ್ಪ ಬದುಕಿರುವಾಗ ಮೀಸೆ ತೆಗೆಯುವುದುಂಟೇ! ಕೊನೆಗೆ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಅಡುಗೆ ಕೆಲಸದ ಹುಡುಗನೊಬ್ಬ ಕಣ್ಣಿಗೆ ಬಿದ್ದ. ತೆಳು ಮೈಕಟ್ಟು, ನಾಜೂಕಾದ ಕೈ. ಹೆಸರು ಅಣ್ಣಾ ಸಾಳುಂಕೆ. ಹೋಟೆಲಿನಲ್ಲಿ ತಿಂಗಳಿಗೆ 10 ರೂಪಾಯಿ, ಇವರು 15 ಕೊಡುತ್ತೇನೆ ಅಂದರು ಅಂತ ಹೇಳಿಕೆ. ಹೋಟೆಲಿನ ಅಡುಗೆಮನೆಯಿಂದ ಎದ್ದುಬಂದವನು ಭಾರತದ ಮೊದಲ ಕಥಾಚಿತ್ರದ ನಾಯಕಿಯಾದ. ಈ ಮಹಾನಗರಕ್ಕೆ ಹೋಟೆಲು ಕೆಲಸಕ್ಕೆಂದು ಬಂದು ರಾತ್ರಿಶಾಲೆಯಲ್ಲಿ ಕಲಿತು ದೊಡ್ಡವರಾದ ನಮ್ಮ ಕಡೆಯ ಎಷ್ಟೋ ಹಿರಿಯರ ನೆನಪಾಗುವುದಿಲ್ಲವೇ?

ಹೊರಾಂಗಣ ದೃಶ್ಯಗಳಿಗೆ ವಾಂಗಣಿ ಎಂಬ ಹಳ್ಳಿಗೆ ಹೋದಾಗ, ಕತ್ತಿ ಗುರಾಣಿ ಹಿಡಿದ ಈ ಪಟಾಲಮ್ಮನ್ನು ಕಂಡು ದರೋಡೆಕೋರರು ಬಂದರೆಂದು ಹಳ್ಳಿಯವರು ಪೋಲೀಸರಿಗೆ ತಿಳಿಸಿದ ಪ್ರಸಂಗವೂ ಪ್ರಸಿದ್ಧ. ಇಂಥವನ್ನೆಲ್ಲ 2009ರಲ್ಲಿ ಬಂದ ‘ಹರಿಶ್ಚಂದ್ರಾಚಿ ಫ್ಯಾಕ್ಟರಿ’ ಎಂಬ ಮರಾಠಿ ಚಿತ್ರ ಬಹಳ ಮೋಜಾಗಿ ತೋರಿಸಿದೆ, ಸಿಕ್ಕಿದರೆ ನೋಡಿ.

‘ರಾಜಾ ಹರಿಶ್ಚಂದ್ರ’ ಮುಗಿಯಲು ಏಳು ತಿಂಗಳಿಗೂ ಮೇಲೆ ಹಿಡಿಯಿತು. ಉದ್ದ ಸುಮಾರು 3,700 ಅಡಿ, ನಾಲ್ಕು ರೀಲು. 1913ರ ಏಪ್ರಿಲ್ 21ರಂದು ಒಲಿಂಪಿಯಾದಲ್ಲಿ ಆಹ್ವಾನಿತರಿಗೆ ತೋರಿಸಿದರು. ಮೇ 3ರಂದು ಗಿರಗಾಂವಿನ ಕಾರೊನೇಷನ್ ಥಿಯೇಟರಿನಲ್ಲಿ ಸಾರ್ವಜನಿಕ ಪ್ರದರ್ಶನ. ಚಿತ್ರದ ಜೊತೆ ನೃತ್ಯ, ಕಸರತ್ತು, ನಗೆ ಐಟಂಗಳೂ ಇದ್ದವು. ಹರಿಶ್ಚಂದ್ರ ಒಬ್ಬನೇ ಸಾಲುತ್ತಾನೋ ಇಲ್ಲವೋ ಅಂತ ಥಿಯೇಟರಿನವರಿಗೆ ಧೈರ್ಯವಿರಲಿಲ್ಲ ಅಂತ ಕಾಣುತ್ತದೆ. ಮೂರು ನಾಲ್ಕು ದಿನಕ್ಕೆ ಚಿತ್ರ ಬದಲಾಗುತ್ತಿದ್ದ ಆ ಕಾಲದಲ್ಲಿ ಇದು ವಾರ ದಾಟಿತು, ಮತ್ತೂ ನಡೆಯಿತು.

ಸೂರತ್ತಿನಲ್ಲಿ ಮಾತ್ರ ಮೊದಲ ದಿನ ಗಲ್ಲಾಕ್ಕೆ ಬಿದ್ದದ್ದು ಮೂರು ರೂಪಾಯಿ ಅಂತ ಹೇಳುತ್ತಾರೆ. ಅಲ್ಲಿ ರಾತ್ರಿ ಪೂರ್ತಿ ನಡೆಯುವ ನಾಟಕಗಳ ಅಭ್ಯಾಸ. ಕಡಿಮೆ ಕಾಸಿಗೆ ಆರು ಗಂಟೆ ನಾಟಕ ಸಿಗುವಾಗ ಒಂದೂವರೆ ಗಂಟೆಯ ಮೂಕಚಿತ್ರಕ್ಕೆ ಮೂರಾಣೆ ಯಾರು ಕೊಡುತ್ತಾರೆ ಅಂತ ಥಿಯೇಟರಿನವನ ಗೋಳು. ಫಾಳ್ಕೆ ಜಾಹೀರಾತು ಬದಲಾಯಿಸಿದರು. 57,000 ಫೋಟೋಗಳು, ಎರಡು ಮೈಲಿ ಉದ್ದದ ಚಿತ್ರ, ಎಲ್ಲ ಸೇರಿ ಬರೀ ಮೂರಾಣೆ ಎಂಬ ಅರ್ಥದ ಒಕ್ಕಣೆ. ಜನ ಮುಗಿಬಿದ್ದರು.

ಈ ಜಾಹೀರಾತಿನ ಲೆಕ್ಕ ಹಾಕಿ ನೋಡಿದೆ. ಒಂದಡಿ ಫಿಲಮಿಗೆ 16 ಚೌಕಟ್ಟು. 3,700 ಅಡಿಗೆ ಸುಮಾರು 59,000. ಅಂದರೆ ಫೋಟೋಗಳ ಲೆಕ್ಕ ಪ್ರಾಮಾಣಿಕ. ಮೈಲಿಯ ಲೆಕ್ಕ? ಮೈಲಿಗೆ 5,280 ಅಡಿ. ಚಿತ್ರ ಮುಕ್ಕಾಲು ಮೈಲಿಯೂ ಇಲ್ಲ! ಸತ್ಯಹರಿಶ್ಚಂದ್ರನನ್ನು ಮಾರಲು ಒಂದೂಕಾಲು ಮೈಲಿ ಸುಳ್ಳು. ನಗಬೇಡಿ, ವ್ಯಾಪಾರ ಅಂದರೆ ಅದೇ. ಆದರೆ ಇಷ್ಟು ಗಮನಿಸಬೇಕು. ಎರಡು ಮೈಲಿ ಉದ್ದದ ಫೋಟೋ ನೋಡೋಣ ಅಂತ ಬಂದವನು ಬಂದದ್ದು ಒಂದು ಸಲ. ಮರುದಿನ ಹೆಂಡತಿ ಮಕ್ಕಳನ್ನು ಎತ್ತಿನಗಾಡಿಯಲ್ಲಿ ಕೂರಿಸಿಕೊಂಡು ಬರಬೇಕಾದರೆ, ಒಳಗೆ ಸ್ಮಶಾನದಲ್ಲಿ ತಾರಾಮತಿ ಅವನನ್ನು ಅಳಿಸಿರಬೇಕು. ನಮ್ಮ ವಾರ್ಷಿಕೋತ್ಸವದ ನಾಟಕಗಳನ್ನೇ ನೋಡಿ. ದೀಪ, ದಿರಸು, ಬಾಡಿಗೆ ಸಿಂಹಾಸನಕ್ಕೆ ಚಂದಾ ಹಣ ಪೂರ್ತಿ ಸುರಿಯುತ್ತೇವೆ. ಮೊದಲ ಸೀನಿಗೆ ಚಪ್ಪಾಳೆ, ಮೂರನೇ ಸೀನಿಗೆ ಹಿಂದಿನ ಸಾಲಿನವರು ಚಹಾಕ್ಕೆ ಎದ್ದುಹೋಗುತ್ತಾರೆ.

ಆ ವರ್ಷವೇ ಫಾಳ್ಕೆ ನಾಸಿಕಕ್ಕೆ ಹೋದರು. ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್, ಅವರ ಮಗಳು ಕಮಲಾಬಾಯಿ ನಟಿಸಿದರು. ಹೆಣ್ಣು ಪಾತ್ರಕ್ಕೆ ಹೆಣ್ಣೇ ಬಂದಂತಾಯಿತು. ‘ಸತ್ಯವಾನ ಸಾವಿತ್ರಿ’ ಬಂತು. 1914ರಲ್ಲಿ ಮೂರು ಚಿತ್ರ ಕಟ್ಟಿಕೊಂಡು ಲಂಡನ್ನಿಗೆ ಹೋದರು. ಅಲ್ಲಿಯವರು ಮೆಚ್ಚಿ ಅಲ್ಲೇ ಚಿತ್ರ ತೆಗೆಯಲು ಕರೆದರೂ ಒಪ್ಪದೆ ಮರಳಿದರು. ಮರಳುವ ಹೊತ್ತಿಗೆ ಮಹಾಯುದ್ಧ. ಕಚ್ಚಾ ಫಿಲಂ ದುಬಾರಿ, ಸಾಲ ಕೊಡುವವರು ಕೈ ಹಿಂದೆ ತೆಗೆದರು. ಮೂರು ವರ್ಷ ಕಷ್ಟದಲ್ಲೇ ಕಳೆಯಿತು.

1917ರ ‘ಲಂಕಾದಹನ’ದಿಂದ ಅದೃಷ್ಟ ತಿರುಗಿತು. ಅಣ್ಣಾ ಸಾಳುಂಕೆ ಇದರಲ್ಲಿ ರಾಮನೂ ಅವನೇ, ಸೀತೆಯೂ ಅವನೇ. ಗಿರಗಾಂವಿನಲ್ಲಿ ಬೆಳಗ್ಗೆ 7ರಿಂದ ನಡುರಾತ್ರಿವರೆಗೆ ಒಂದರ ಮೇಲೊಂದು ಆಟ. ರಾಮ ಪರದೆಯ ಮೇಲೆ ಬಂದಾಗ ಜನ ಚಪ್ಪಲಿ ಬಿಟ್ಟು ಕೈಮುಗಿದರಂತೆ. ಮದರಾಸಿನಲ್ಲಿ ವಸೂಲಾದ ಚಿಲ್ಲರೆಯನ್ನು ಚೀಲದಲ್ಲಿ ತುಂಬಿ, ಎತ್ತಿನಗಾಡಿಯಲ್ಲಿ ಪೋಲೀಸ್ ಕಾವಲಿನೊಂದಿಗೆ ಸಾಗಿಸಿದರು ಎಂಬ ಪ್ರತೀತಿ ಇದೆ.

ಇದೆಲ್ಲ ಬರೀ ಭಕ್ತಿಯ ದುಡ್ಡು, ಕಸುಬಿನದಲ್ಲ, ಅಂತ ಕೆಲವರು ಮೂಗು ಮುರಿಯುತ್ತಾರೆ. ಫಾಳ್ಕೆಯವರ ದಾರಿ ಹಿಡಿದು ಎಷ್ಟೋ ಜನ ಪುರಾಣದ ಚಿತ್ರ ತೆಗೆದರು, ದೇವರು ಎಲ್ಲರಿಗೂ ಒಂದೇ. ಹೆಸರು ಉಳಿದದ್ದು ಕೆಲವರದೇ. 1919ರ ‘ಕಾಲಿಯಾ ಮರ್ದನ’ದ ಹೆಚ್ಚಿನ ಭಾಗ ಈಗಲೂ ಉಳಿದಿದೆ, ನೋಡಿದರೆ ಕಸುಬು ಕಾಣುತ್ತದೆ. ಕೃಷ್ಣನ ಪಾತ್ರ ಅವರ ಮಗಳು ಮಂದಾಕಿನಿಯದು, ಪುಟ್ಟ ಹುಡುಗಿ. ಚಿತ್ರದ ಶುರುವಿನಲ್ಲಿ ಆ ಹುಡುಗಿಯ ಮುಖವೊಂದೇ ಪರದೆ ತುಂಬ. ನಗು, ಸಿಟ್ಟು, ಹೆದರಿಕೆ ಎಲ್ಲ ಬಂದುಹೋಗುತ್ತವೆ. ನೋಡನೋಡುತ್ತ ಅದೇ ಮುಖ ಕರಗಿ ಕಿರೀಟ ತೊಟ್ಟ ಕೃಷ್ಣನಾಗುತ್ತದೆ. ಯಕ್ಷಗಾನದಲ್ಲಿ ವೇಷಧಾರಿ ಚೌಕಿಯಲ್ಲಿ ಕೂತು ಬಣ್ಣ ಹಚ್ಚುವುದನ್ನು ಹುಡುಗರು ಇಣುಕಿ ನೋಡುತ್ತಾರಲ್ಲ, ನಮ್ಮ ಅಂಗಡಿಯ ಅಣ್ಣನೇ ಇವನು ಅಂತ ಗೊತ್ತಿದ್ದೂ, ರಂಗಸ್ಥಳಕ್ಕೆ ಬಂದಾಗ ರಾಕ್ಷಸನೆಂದು ಹೆದರುತ್ತಾರಲ್ಲ, ಹಾಗೆ. ಆಮೇಲೆ ಸುಮಾರು ಹೊತ್ತು ಬೆಣ್ಣೆ ಕಳ್ಳನ ತುಂಟಾಟ. ಜನ ನಕ್ಕು ನಕ್ಕು ಆ ಮಗುವನ್ನು ತಮ್ಮ ಮನೆಯದೇ ಮಾಡಿಕೊಂಡ ಮೇಲೆ ಅದು ಮಡುವಿಗೆ ಹಾರುತ್ತದೆ.

ನೀರೊಳಗೆ ಕಾಳಿಂಗನ ಜೊತೆ ಹೋರಾಟ. ಪ್ರೊಫೆಸರ್ ಕೇಲ್ಫಾನ ಕೈಚಳಕವೆಲ್ಲ ಅಲ್ಲಿದೆ. ಬೇರೆಯವರಾಗಿದ್ದರೆ ಅದನ್ನೇ ಕೊನೆತನಕ ತೋರಿಸಿ ಬೀಗುತ್ತಿದ್ದರು. ಇವರು ನಡುನಡುವೆ ಮೇಲಕ್ಕೆ ಬರುತ್ತಾರೆ. ದಡದಲ್ಲಿ ಗೋಕುಲದ ಜನ, ಎದೆ ಬಡಿದುಕೊಳ್ಳುವ ಹೆಂಗಸರು. ಮತ್ತೆ ನೀರೊಳಗೆ. ಮತ್ತೆ ದಡ. ಮಗು ಎದ್ದು ಬರುತ್ತದೆ ಅಂತ ಥಿಯೇಟರಿನಲ್ಲಿ ಕೂತ ಪ್ರತಿಯೊಬ್ಬನಿಗೂ ಗೊತ್ತು. ದಡದಲ್ಲಿ ನಿಂತವರಿಗೆ ಗೊತ್ತಿಲ್ಲ. ಗೊತ್ತಿದ್ದವನನ್ನು ಗೊತ್ತಿಲ್ಲದವರ ಪಕ್ಕದಲ್ಲಿ ನಿಲ್ಲಿಸಿ ಉಸಿರು ಹಿಡಿಸುವುದು ಸಾಮಾನ್ಯ ವಿದ್ಯೆಯಲ್ಲ. ಹರಿಕಥೆ ದಾಸರು ಇದನ್ನೇ ಮಾಡುತ್ತಾರೆ. ಹಾವು ಹೆಡೆ ಎತ್ತಿದ ಕಡೆ ನಿಲ್ಲಿಸಿ ಯಶೋದೆಯ ಒಂದು ಪದ ಹಾಡುತ್ತಾರೆ.

ಇಷ್ಟು ಹೊತ್ತಿಗೆ ಫಾಳ್ಕೆ ಸ್ವತಂತ್ರರಾಗಿರಲಿಲ್ಲ. 1918ರಲ್ಲಿ ಮುಂಬಯಿಯ ವ್ಯಾಪಾರಸ್ಥರ ಜೊತೆ ಸೇರಿ ಹಿಂದೂಸ್ತಾನ್ ಫಿಲಂ ಕಂಪನಿ ಆಗಿತ್ತು. ಪಾಲುದಾರರಿಗೆ ಲೆಕ್ಕ ಬೇಕು, ಇವರಿಗೆ ಇನ್ನೊಂದು ಸೀನು ಬೇಕು. ಅಚ್ಚುಕೂಟದಲ್ಲಿ ಆದದ್ದೇ ಇಲ್ಲೂ ಆಯಿತು. ಸಂಸಾರ ಕಟ್ಟಿಕೊಂಡು ಕಾಶಿಗೆ ಹೊರಟುಹೋದರು. ಅಲ್ಲಿ ‘ರಂಗಭೂಮಿ’ ಎಂಬ ಮರಾಠಿ ನಾಟಕ ಬರೆದರು; ನಾಟಕದವರನ್ನೇ ಗೇಲಿ ಮಾಡುವ ನಾಟಕ, ಬಹಳ ದೊಡ್ಡದು. ಆಡಿಸಿದಾಗ ಜನ ಬರಲಿಲ್ಲ. ಗೋಕುಲದ ಜನರನ್ನು ದಡದಲ್ಲಿ ಸರಿಯಾದ ಹೊತ್ತಿಗೆ ನಿಲ್ಲಿಸಿದವರೇ ಇಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಮರೆತಿದ್ದರು. ತನ್ನ ಸಿಟ್ಟನ್ನು ಹೇಳಿಕೊಳ್ಳುವುದಕ್ಕೂ ಕತೆ ಹೇಳುವುದಕ್ಕೂ ವ್ಯತ್ಯಾಸ ಇದೆಯಲ್ಲ. ಇತ್ತ ಇವರಿಲ್ಲದೆ ಕಂಪನಿಯೂ ಸೊರಗಿತು. 1922ರ ಸುಮಾರಿಗೆ ಮತ್ತೆ ಕರೆದರು, ಇವರೂ ಬಂದರು. ಚಿತ್ರದ ಮೇಲೆ ಚಿತ್ರ ತೆಗೆದರು. ಒಟ್ಟು ನೂರರ ಹತ್ತಿರ ಕಥಾಚಿತ್ರಗಳೆಂದು ಲೆಕ್ಕ ಹೇಳುತ್ತಾರೆ.

ಆದರೆ ಕಾಲ ಮುಂದೆ ಹೋಗಿತ್ತು. ಕೊಲ್ಹಾಪುರದಲ್ಲಿ ಬಾಬೂರಾವ್ ಪೇಂಟರ್ 1925ರಲ್ಲಿ ‘ಸಾವಕಾರಿ ಪಾಶ’ ತೆಗೆದರು. ಸಾಲಗಾರನ ಕೈಗೆ ಹೊಲ ಕೊಟ್ಟು ಪಟ್ಟಣಕ್ಕೆ ಕೂಲಿಗೆ ಬರುವ ರೈತನ ಕತೆ. ರೈತನಾದವರು ವಿ. ಶಾಂತಾರಾಂ. 1931ರ ಮಾರ್ಚ್ 14ರಂದು ‘ಆಲಂ ಆರಾ’ ಮಾತಾಡಿತು. ಮರುವರ್ಷ ಪ್ರಭಾತ್ ಕಂಪನಿಗಾಗಿ ಶಾಂತಾರಾಂ ಮೊದಲ ವಾಕ್ಚಿತ್ರ ತೆಗೆದಾಗ ಆರಿಸಿದ ಕತೆ ಯಾವುದು ಗೊತ್ತೇ? ‘ಅಯೋಧ್ಯೇಚಾ ರಾಜಾ’. ಅದೇ ಹರಿಶ್ಚಂದ್ರ! ಈಗ ತಾರಾಮತಿ ದುರ್ಗಾ ಖೋಟೆ. ಆಕೆಗೆ ದನಿ ಇತ್ತು, ಛಲ ಇತ್ತು. ಕತೆ ಹಳೆಯದಾದರೂ ಹೇಳುವ ಬಗೆ ಹೊಸದು. 1936ರಲ್ಲಿ ಅದೇ ಪ್ರಭಾತಿನ ‘ಸಂತ ತುಕಾರಾಂ’ ಮುಂಬಯಿಯಲ್ಲಿ ವರ್ಷಕ್ಕೂ ಮೇಲೆ ಓಡಿತು. ಅದರಲ್ಲೂ ಪವಾಡಗಳಿವೆ, ಕೊನೆಗೆ ವಿಮಾನ ಆಕಾಶದಿಂದ ಬರುತ್ತದೆ. ಆದರೆ ಜನರ ಮನಸ್ಸಿನಲ್ಲಿ ಉಳಿದವಳು ತುಕಾರಾಮನ ಹೆಂಡತಿ ಜಿಜಾಯಿ. ಮಕ್ಕಳಿಗೆ ಹಾಕಲು ಹಿಟ್ಟಿಲ್ಲ, ಗಂಡ ಅಭಂಗ ಹಾಡುತ್ತಿದ್ದಾನೆ. ದೇವರನ್ನೇ ಬೈಯುವ ಹೆಂಗಸು. ಮೊದಲು ಬರಿದಾದ ಮಡಕೆ ತೋರಿಸಿ ಆಮೇಲೆ ದೇವರನ್ನು ಇಳಿಸಿದರು. ಫಾಳ್ಕೆಯವರ ಹರಿಶ್ಚಂದ್ರನ ಬಲ ಇದ್ದದ್ದೂ ಇದರಲ್ಲೇ ಅಲ್ಲವೇ? ಅವರಿಗೇ ಅದು ಆಮೇಲೆ ನೆನಪು ಹೋಯಿತೋ ಏನೋ. ದೇವರು ಇಳಿಯುವುದೊಂದನ್ನೇ ಇನ್ನಷ್ಟು ಚೆನ್ನಾಗಿ ಇಳಿಸುತ್ತ ಹೋದರು.

(ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡ ‘ಸತಿ ಸುಲೋಚನ’ವೂ 1934ರಲ್ಲಿ ತಯಾರಾದದ್ದು ಇದೇ ಕೊಲ್ಹಾಪುರದಲ್ಲಿ.)

‘ಸೇತುಬಂಧನ’ವನ್ನು ಫಾಳ್ಕೆ ಮೂಕಚಿತ್ರವಾಗಿ ತೆಗೆದಿದ್ದರು, ಮುಗಿಯುವ ಹೊತ್ತಿಗೆ ಮೂಕಚಿತ್ರ ಕೇಳುವವರಿಲ್ಲದೆ ಆಮೇಲೆ ಮಾತು ಸೇರಿಸಬೇಕಾಯಿತು. 1937ರಲ್ಲಿ ಕೊಲ್ಹಾಪುರ ಸಿನೆಟೋನ್‌ಗಾಗಿ ‘ಗಂಗಾವತರಣ’ ತೆಗೆದರು. ಮಾತಿನ ಚಿತ್ರವೆಂದೇ ತೆಗೆದದ್ದು ಅದೊಂದೇ. ಅಷ್ಟರಲ್ಲಿ ಅರವತ್ತೇಳು ವಯಸ್ಸು. ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ತೀರಿಕೊಂಡರು. ಗಾಡಿಯಲ್ಲಿ ಹೇರಿ ತಂದ ದುಡ್ಡಿನಲ್ಲಿ ಏನೂ ಉಳಿದಿರಲಿಲ್ಲ.

ಪುಣೆಯ ಚಿತ್ರ ಭಂಡಾರದಲ್ಲಿ ‘ರಾಜಾ ಹರಿಶ್ಚಂದ್ರ’ದ ಮೊದಲನೆಯ ಮತ್ತು ನಾಲ್ಕನೆಯ ರೀಲು ಇವೆ. ಅದು 1913ರದಲ್ಲ, 1917ರಲ್ಲಿ ಮತ್ತೆ ತೆಗೆದದ್ದು ಅಂತ ಕೆಲವು ಪಂಡಿತರ ವಾದ. ಯಾವುದಾದರೂ ಆಗಲಿ. ಮೊದಲ ರೀಲಿನಲ್ಲಿ ರಾಜ ಮಗನಿಗೆ ಬಿಲ್ಲುವಿದ್ಯೆ ಕಲಿಸುತ್ತಾನೆ, ರಾಣಿ ನೋಡುತ್ತ ನಿಂತಿದ್ದಾಳೆ. ಥೇಟ್ ರವಿವರ್ಮರ ಗೋಡೆಯ ಪಟ. ಕೊನೆಯ ರೀಲಿನಲ್ಲಿ ಎಲ್ಲ ಮರಳಿ ಬರುತ್ತದೆ. ನಡುವಿನ ಎರಡು ರೀಲು ಕಳೆದುಹೋಗಿವೆ. ಆದರೂ ನೋಡುತ್ತ ಕೂತವರು, ನಡುವೆ ಏನಾಯಿತು ಅಂತ ಪಕ್ಕದವರನ್ನು ಕೇಳುವುದಿಲ್ಲ.